ಆರದ ಹಾಸಿಗೆ

ನಮ್ಮ ಬೀದಿಯಲ್ಲಿ ನನ್ನ ಅಕ್ಕನ ನಿಜವಾದ ಹೆಸರು ಗೊತ್ತಿರುವುದು ಅಂಚೆಯವನೊಬ್ಬನಿಗೇ ಇರಬೇಕು. ಉಳಿದವರಿಗೆಲ್ಲ ಅವಳು ‘ಶ್ಶ್ ಅಕ್ಕ’. ಬಾಗಿಲ ಮುಂದೆ ಯಾರಾದರೂ ಸ್ವಲ್ಪ ದನಿಯೇರಿಸಿದರೆ ಸಾಕು, ತುಟಿಯ ಮೇಲೆ ಬೆರಳಿಟ್ಟುಕೊಂಡು ಹೊರಗೆ ಬರುತ್ತಿದ್ದಳು. ತರಕಾರಿ ಗಾಡಿಯವನು ನಮ್ಮ ಕಟ್ಟಡ ಬಂದಾಗ ಕೂಗು ನಿಲ್ಲಿಸಿ, ದಾಟಿದ ಮೇಲೆ ಮತ್ತೆ ಶುರು ಮಾಡುತ್ತಿದ್ದ. ಬೀದಿನಾಯಿಗಳಿಗೂ ಊಟ ಹಾಕಿ ಹಾಕಿ ಬಾಯಿ ಕಟ್ಟಿಸಿದ್ದಾಳೆ ಎಂದು ನಾನು ತಮಾಷೆ ಮಾಡುತ್ತಿದ್ದೆ. ಅದರಲ್ಲಿ ಅರ್ಧ ನಿಜವೂ ಇತ್ತು.

ಇಷ್ಟೆಲ್ಲ ಯಾರಿಗಾಗಿ? ನನ್ನ ಭಾವನ ನಿದ್ದೆಗಾಗಿ. ಭಾವ ಒಂದು ದಿನಪತ್ರಿಕೆಯ ಪ್ರೆಸ್ಸಿನಲ್ಲಿ ಅಚ್ಚಿನ ಯಂತ್ರ ಓಡಿಸುತ್ತಿದ್ದರು. ಊರು ಉಂಡು ಕೈತೊಳೆಯುವ ಹೊತ್ತಿಗೆ ಡಬ್ಬಿ ಹಿಡಿದು ಹೊರಡುವರು, ಊರು ಏಳುವ ಮೊದಲು ಉಗುರಿನ ಸಂದಿಯಲ್ಲೆಲ್ಲ ಮಸಿ ತುಂಬಿಕೊಂಡು ಸೈಕಲ್ಲಿನಲ್ಲಿ ವಾಪಸ್ಸು ಬರುವರು. ಬಂದು ಮಲಗಿದರೆ ಏಳುವುದು ಮಧ್ಯಾಹ್ನ ಕಳೆದ ಮೇಲೆ. ಅಕ್ಕ ಆ ಮನೆಗೆ ಹೊಸದಾಗಿ ಹೋದಾಗ ಅವಳ ಅತ್ತೆ ಹೇಳಿಕೊಟ್ಟಿದ್ದು ಒಂದೇ ಮಾತು: “ನನ್ನ ಮಗನ ನಿದ್ದೆ ಕೆಟ್ಟರೆ ಕೈ ಯಂತ್ರಕ್ಕೆ ಸಿಕ್ಕುತ್ತೆ, ನೋಡ್ಕೊಳಮ್ಮ.” ಅತ್ತೆ ತೀರಿಕೊಂಡು ಎಷ್ಟೋ ಕಾಲವಾಯಿತು. ಆ ಮಾತು ಮಾತ್ರ ಗಟ್ಟಿಮುಟ್ಟಾಗಿ ಬದುಕಿತ್ತು.

ನಾನಿರುವುದು ಅದೇ ಕಟ್ಟಡದ ಪಕ್ಕದ ಮನೆಯಲ್ಲಿ. ಅವರ ಮಲಗುವ ಕೋಣೆಗೂ ನನ್ನ ಅಡುಗೆಮನೆಗೂ ನಡುವೆ ಒಂದು ಗೋಡೆ, ಅದೂ ಹೆಸರಿಗೆ ಗೋಡೆ. ಪರದೆ, ದಿಂಬಿನ ಚೀಲ, ಹಾಸಿಗೆಯ ಮೇಲುಹೊದಿಕೆ ಹೊಲಿದು ಹೊಟ್ಟೆ ಹೊರೆಯುವವಳು ನಾನು. ನನಗೆ ಗಂಡನಿಲ್ಲ, ಬಾಯಿದೆ. ಆ ಬಾಯನ್ನೂ, ಅದರ ಜೊತೆಗೆ ಹೊಲಿಗೆ ಮಿಷನ್ನನ್ನೂ ಮಧ್ಯಾಹ್ನದವರೆಗೆ ಮುಚ್ಚಿಕೊಂಡಿರಬೇಕೆಂಬುದು ಅಕ್ಕನ ಕಾನೂನು. ಬೆಳಗ್ಗೆಯೆಲ್ಲ ಕೈಹೊಲಿಗೆ, ಭಾವ ಏಳುವ ಹೊತ್ತಿಗೆ ಮಿಷನ್. ಅವಸರದ ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಅಂಗಡಿ ಹಿಡಿದರು. ಹಿಡಿಯದೆ ಏನು ಮಾಡಿಯಾರು?

ಅಕ್ಕನ ಮಗಳು ಆ ಮನೆಯಲ್ಲೇ ಬೆಳೆದಳು. ಮಕ್ಕಳು ಬಿದ್ದರೆ ಮೊದಲು ಕಿರುಚುತ್ತವೆ. ಆ ಹುಡುಗಿ ಬಿದ್ದರೆ ಮೊದಲು ಎರಡು ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು, ಆಮೇಲೆ ಅಳುತ್ತಿದ್ದಳು. ಶಾಲೆಯಲ್ಲಿ ಮೇಷ್ಟ್ರು, “ಉತ್ತರ ಗೊತ್ತು, ಆದರೆ ಯಾರಿಗೂ ಕೇಳಿಸಲ್ಲ” ಎಂದು ದೂರು ಹೇಳಿದ್ದರು. ಈಗ ಮದುವೆಯಾಗಿ ದೂರದಲ್ಲಿದ್ದಾಳೆ. ಫೋನು ಮಾಡಿದರೆ ಇನ್ನೊಂದು ಕಿವಿಗೆ ಬೆರಳಿಟ್ಟುಕೊಂಡೇ ಅವಳ ಮಾತು ಕೇಳಬೇಕು.

ಅಕ್ಕನಿಗೂ ಕೆಲಸವಿತ್ತು, ಈಗಲೂ ಇದೆ. ಬಸ್ ನಿಲ್ದಾಣದ ಹತ್ತಿರದ ಲಾಡ್ಜಿನಲ್ಲಿ ಹಾಸಿಗೆ ಹಾಸುತ್ತಾಳೆ. ಬೆಳಗ್ಗೆ ಗಿರಾಕಿಗಳು ಕೋಣೆ ಬಿಡುವ ಹೊತ್ತಿಗೆ ಹೋಗಿ, ಸಂಜೆ ಹೊಸಬರು ತುಂಬಿಕೊಂಡ ಮೇಲೆ ಬರುತ್ತಾಳೆ. ಅವಳಿಲ್ಲದ ಹೊತ್ತಿನಲ್ಲಿ ಬೀದಿಗೆ ‘ಶ್ಶ್’ ಎನ್ನುವ ಕೆಲಸ ನನ್ನದಾಗಿತ್ತು. ಹೀಗಾಗಿ ಗಂಡ ಹೆಂಡತಿ ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದರು, ಆದರೆ ಪಾಳಿಯ ಮೇಲೆ. ರಾತ್ರಿ ಅವಳದು, ಹಗಲು ಅವರದು. ಹಾಗಾದರೆ ಮಗಳು ಹೇಗೆ ಹುಟ್ಟಿದಳು ಎಂದು ಹಲ್ಲುಕಿಸಿಯುವವರಿಗೆ ನನ್ನ ಹತ್ತಿರ ಉತ್ತರ ತಯಾರಿತ್ತು: ಪತ್ರಿಕೆಗೂ ವರ್ಷದಲ್ಲಿ ನಾಲ್ಕು ದಿನ ರಜೆ ಇರುತ್ತದಪ್ಪ. ವಾರದ ರಜೆಯ ರಾತ್ರಿ ಭಾವನಿಗೆ ನಿದ್ದೆ ಬರುತ್ತಿರಲಿಲ್ಲ. ಪ್ರೆಸ್ಸಿನ ಗೆಳೆಯರ ಜೊತೆ ಇಸ್ಪೀಟು ಆಡಲು ಹೋಗುವರು, ಇಲ್ಲವೇ ಬೇರೆಯವರ ಪಾಳಿ ಮಾಡಿಕೊಡುವರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರು ಒಟ್ಟಿಗೆ ಮಲಗಿದ್ದೇ ಅಪರೂಪ, ಹಾಗಾಗಿ ಜಗಳ ಶುರು ಮಾಡುವುದಕ್ಕೂ ಅಕ್ಕ ಹೆದರುತ್ತಿದ್ದಳು.

ಒಂದು ಪದ್ಧತಿ ಮಾತ್ರ ಅವರ ನಡುವೆ ತಪ್ಪದೆ ನಡೆದುಕೊಂಡು ಬಂದಿತ್ತು. ಬೆಳಗಿನ ಜಾವ ಭಾವನ ಸೈಕಲ್ ಸ್ಟ್ಯಾಂಡ್ ಹಾಕುವ ಸದ್ದು ಕೇಳುವವರೆಗೆ ಅಕ್ಕ ಹಾಸಿಗೆ ಬಿಡುತ್ತಿರಲಿಲ್ಲ. ಕೇಳಿದ ಮೇಲೆ ರಜಾಯಿಯ ಅಂಚನ್ನು ಎತ್ತಿಯೂ ಎತ್ತದ ಹಾಗೆ ಜಾರಿ ಹೊರಗೆ ಬಂದು, ತಾನು ಮಲಗಿದ್ದ ಕುಳಿಯ ಮೇಲೆ ಅದನ್ನು ಒತ್ತಿ ಮುಚ್ಚುವಳು. ಭಾವ ಕೈಕಾಲು ತೊಳೆದು ಬಂದು ಆ ಬಿಸುಪಿನೊಳಗೆ ಸೇರಿಕೊಳ್ಳುವರು. ಚಳಿಗಾಲದಲ್ಲಂತೂ ಅವಳು ಬೇಗ ಎದ್ದು ಒಲೆ ಹಚ್ಚಿ ನೀರಿಟ್ಟು, ಮತ್ತೆ ಬಂದು ಮಲಗುತ್ತಿದ್ದಳು, ನಿದ್ದೆಗಲ್ಲ, ಹಾಸಿಗೆ ಆರಬಾರದೆಂದು. ನೀರು ಕುದ್ದು ಆವಿಯಾದರೂ ಚಿಂತೆಯಿಲ್ಲ.

“ನಿನಗೆ ಯಾರಾದರೂ ಹಾಸಿಗೆ ಬೆಚ್ಚಗೆ ಮಾಡಿಡ್ತಾರಾ?” ಎಂದು ನಾನೊಮ್ಮೆ ಕೇಳಿದ್ದೆ. ಭಾವ ಎದ್ದು ಹೋಗಿ ಅರ್ಧ ದಿನವಾದ ಮೇಲೆ ಅಕ್ಕ ಮಲಗುತ್ತಿದ್ದಳು. ಅವಳಿಗೆ ಸಿಗುತ್ತಿದ್ದದ್ದು ಯಾವಾಗಲೂ ಆರಿದ ಹಾಸಿಗೆಯೇ.

“ನಿನ್ನ ನಾಲಿಗೆಗೆ ಎಲುಬಿಲ್ಲ” ಎಂದಳು. ಎಲುಬಿಲ್ಲದ್ದಕ್ಕೇ ಅದು ನಿಜ ಹೇಳುತ್ತದೆ ಎಂದೆ. ಅದನ್ನೂ ಪಿಸುಮಾತಿನಲ್ಲೇ ಹೇಳಬೇಕಾಯಿತು.

ಭಾವ ನಿವೃತ್ತಿಯಾಗುವ ವರ್ಷ ಚಳಿ ಬೇಗ ಶುರುವಾಯಿತು. ಒಂದು ಸಂಜೆ ಅಕ್ಕ ನನ್ನ ಮನೆಗೆ ಬಂದು ಬಟ್ಟೆಯ ಥಾನುಗಳನ್ನು ಸರಿಸಿ ಸರಿಸಿ ನೋಡತೊಡಗಿದಳು. ಅವಳಾಗಿ ನನ್ನ ಹತ್ತಿರ ಏನನ್ನೂ ಕೇಳಿದವಳಲ್ಲ.

“ಪರದೆ ಬೇಕು ಕಣೇ. ಇಟ್ಟಿಗೆ ಬಣ್ಣದ್ದು. ಒಳಗೆ ದಪ್ಪ ಬಟ್ಟೆ ಕೊಟ್ಟು ಹೊಲಿ, ಗಾಳಿ ಬರಬಾರದು.”

“ಕಪ್ಪು ಪರದೆ ಇದೆಯಲ್ಲ?” ಹಗಲನ್ನು ಹೊರಗಿಡಲೆಂದು ಕೊಡೆ ಬಟ್ಟೆಯಲ್ಲಿ ನಾನೇ ಹೊಲಿದುಕೊಟ್ಟಿದ್ದ ಪರದೆ ಅದು. ಆ ಕೋಣೆಗೆ ಕಾಲಿಟ್ಟರೆ ನಡುಹಗಲಲ್ಲೂ ಗೋಡೆ ತಡವಬೇಕಾಗಿತ್ತು.

“ಇನ್ನು ಅದು ಯಾಕೆ? ಇನ್ನು ಅವರಿಗೂ ರಾತ್ರಿನೇ ರಾತ್ರಿ.” ಬಟ್ಟೆಯ ಅಂಚು ಹಿಡಿದುಕೊಂಡೇ ಹೇಳಿದಳು: “ನನಗೆ ಬೇರೇನೂ ಬೇಡ ಕಣೇ. ಚಳಿಗಾಲದಲ್ಲಿ ಅವರ ಬೆನ್ನಿಗೆ ಬೆನ್ನು ಕೊಟ್ಟು ರಾತ್ರಿಯೆಲ್ಲ ಮಲಗಬೇಕು. ಬೆಳಗ್ಗೆ ಇಬ್ಬರೂ ಒಟ್ಟಿಗೆ ಏಳಬೇಕು. ಅಷ್ಟೇ.”

ನಾನು ಏನಾದರೂ ಕೊಂಕು ನುಡಿಯಬೇಕಿತ್ತು, ನನ್ನ ಸ್ವಭಾವವೇ ಅದು. ಆದರೆ ಅವಳ ಮುಖ ನೋಡಿ ಇದ್ದುದರಲ್ಲಿ ಒಳ್ಳೆಯ ಥಾನು ತೆಗೆದು ಅಳತೆ ಹಿಡಿದೆ.

ಅಲ್ಲಿಂದ ಮುಂದೆ ಅವಳು ಆ ಕೋಣೆಯ ಬೆನ್ನು ಹತ್ತಿದಳು. ಕಿಟಕಿಯ ಮರ ಒಣಗಿ ಬಾಗಿ ಚೌಕಟ್ಟಿನ ಸುತ್ತ ಸಂದಿ ಬಿಟ್ಟಿತ್ತು, ಅಲ್ಲಿಂದ ಚಳಿಗಾಳಿ ಸೀಟಿ ಹೊಡೆಯುತ್ತ ಬರುತ್ತಿತ್ತು. ಆ ಕಪ್ಪು ಪರದೆಯನ್ನೇ ಪಟ್ಟಿ ಪಟ್ಟಿಯಾಗಿ ಹರಿದು, ಹುರಿ ಮಾಡಿ, ಚಮಚದ ಹಿಡಿಯಿಂದ ಒಂದೊಂದು ಸಂದಿಗೂ ತುರುಕಿದಳು. ಬಾಗಿಲ ಕೆಳಗಿನ ತೆರಪಿಗೆ ಹಳೆಯ ಪ್ಯಾಂಟಿನ ಕಾಲಿನೊಳಗೆ ಮರಳು ತುಂಬಿ, ಎರಡೂ ಬಾಯಿ ಹೊಲಿಸಿಕೊಂಡು ಹೋಗಿ ಅಡ್ಡ ಇಟ್ಟಳು. ಹಾಸಿಗೆಯ ಹತ್ತಿ ಗಂಟುಗಟ್ಟಿತ್ತು. ನಡುವೆ ಒಬ್ಬರ ಮೈಯಳತೆಯ ಕುಳಿ, ಎರಡು ಪಕ್ಕದಲ್ಲೂ ದಿಣ್ಣೆ. ಒಬ್ಬೊಬ್ಬರೇ ಮಲಗಿದ ಹಾಸಿಗೆ ಮತ್ತೆ ಹೇಗಿರುತ್ತದೆ! ಅದನ್ನು ಬಿಚ್ಚಿ, ಹಿಂಜಿಸಿ, ಹೊಸ ಹತ್ತಿ ಸೇರಿಸಿ ಅಗಲ ಮಾಡಿಸಿದಳು. ಕಿರುಗುಟ್ಟುವ ಮಂಚಕ್ಕೆ ಬಡಗಿಯನ್ನು ಕರೆಸಿ ಕೀಲು ಬಿಗಿ ಮಾಡಿಸಿದಳು. ಬಿಳಿ ಟ್ಯೂಬ್‌ಲೈಟು ಕಣ್ಣು ಚುಚ್ಚುತ್ತದೆಂದು ತಲೆಯ ಕಡೆಗೆ ಸಣ್ಣ ಹಳದಿ ದೀಪ. ಕಾಲಿಟ್ಟರೆ ನೆಲ ಕೊರೆಯಬಾರದೆಂದು ಮಂಚದ ಎರಡು ಪಕ್ಕಕ್ಕೂ ದಪ್ಪ ಚಾಪೆ. ರಜಾಯಿಯನ್ನು ದಿನಾ ತಾರಸಿಯ ಮೇಲೆ ಬಿಸಿಲಿಗೆ ಹಾಕಿ, ಬಿಸಿಲು ಇಳಿಯುವ ಮೊದಲು ಮಡಚಿ ತರುವುದು ನನ್ನ ಪಾಲಿಗೆ ಬಂತು.

“ಮದುವೆ ಹೆಣ್ಣಿಗೆ ಇಷ್ಟು ಸಡಗರ ಇರಲ್ಲ” ಎಂದೆ.

“ಆಗ ನಿಮ್ಮ ಭಾವನಿಗೆ ರಜೆ ಸಿಕ್ಕಿರಲಿಲ್ಲ” ಎಂದಳು ಅಕ್ಕ. ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆವು. ಭಾವ ಆಚೆ ಮಲಗಿದ್ದರಲ್ಲ.

ಪ್ರೆಸ್ಸಿನವರು ಭಾವನಿಗೆ ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಅಕ್ಕ ಅದರ ಟಿಕ್ ಟಿಕ್ ಕೇಳಿ, ಮಲಗುವ ಕೋಣೆಗೆ ಬೇಡವೆಂದು ಹೊರಗಿನ ಕೋಣೆಯಲ್ಲಿ ತೂಗುಹಾಕಿದಳು. ಆ ಸಂಜೆ ನಾನು ಕೋಣೆ ನೋಡಲು ಹೋದೆ. ಹೇಳಿಬಿಡುತ್ತೇನೆ, ನನಗೆ ಹೊಟ್ಟೆಕಿಚ್ಚಾಯಿತು. ಆ ಹಳದಿ ಬೆಳಕು, ಇಟ್ಟಿಗೆ ಬಣ್ಣದ ಪರದೆ, ಬಿಸಿಲಿನ ವಾಸನೆ ಇನ್ನೂ ಆರದ ರಜಾಯಿ, ಪಕ್ಕಪಕ್ಕದಲ್ಲಿ ಎರಡು ದಿಂಬು. ಹೊರಗೆ ಹಲ್ಲು ಕಟಕಟಿಸುವ ಚಳಿ, ಒಳಗೆ ಕುಳಿತರೆ ಏಳಲು ಮನಸ್ಸು ಬರುತ್ತಿರಲಿಲ್ಲ. ಭಾವ ಬಾಗಿಲಲ್ಲಿ ನಿಂತು ನೋಡಿ, “ಚೆನ್ನಾಗಿದೆ” ಎಂದರು. ಒಳ್ಳೆಯ ಮನುಷ್ಯ, ಕುಡಿತವಿಲ್ಲ, ಹೊಡೆತವಿಲ್ಲ. ಅವರ ಬಾಯಿಂದ ಒಂದು ಮಾತು ಹೊರಡಿಸುವುದಕ್ಕಿಂತ ಕಲ್ಲಿನಿಂದ ನಾರು ತೆಗೆಯುವುದು ಸುಲಭ.

ಮಾರನೆಯ ಬೆಳಗ್ಗೆ ನಾನು ಕಾತರದಿಂದ ಕೇಳಿದೆ, “ಹೇಗೆ?”

“ಹೊಸದಲ್ವಾ” ಎಂದಳು.

ವಾರ ಕಳೆದು ಕೇಳಿದಾಗಲೂ ಹೊಸದಲ್ವಾ. ಆಮೇಲೆ ಕೇಳುವುದೇ ಬೇಡವಾಯಿತು, ಕಣ್ಣಿಗೇ ಕಾಣುತ್ತಿತ್ತು. ಭಾವ ಅವಳ ಜೊತೆ ಮಲಗುವರು, ಅವಳಿಗೆ ನಿದ್ದೆ ಹತ್ತಿದ್ದೇ ಎದ್ದು ಹೋಗಿ ಅಡುಗೆಮನೆಯ ಕುರ್ಚಿಯಲ್ಲಿ ಬೆಳಕು ಹರಿಯುವ ತನಕ ಕೂರುವರು. ಅವಳಿಗೆ ನಿದ್ದೆ ಎಲ್ಲಿ ಹತ್ತುತ್ತಿತ್ತು? ಕಣ್ಣು ಮುಚ್ಚಿಕೊಂಡು, ಈ ಮನುಷ್ಯ ಯಾವಾಗ ಏಳುತ್ತಾರೋ ಎಂದು ಕಾಯುತ್ತಿದ್ದಳಂತೆ. ಅವರೋ, ಇವಳು ಯಾವಾಗ ಮಲಗುತ್ತಾಳೋ ಎಂದು ಕಾಯುತ್ತಿದ್ದರು. ಹಗಲಾದರೆ ಭಾವ ಬೀದಿ ಕಡೆಯ ಕೋಣೆಯಲ್ಲಿ, ಬಸ್ಸು ಆಟೋಗಳ ಗದ್ದಲದ ನಡುವೆ, ತೆರೆದ ಕಿಟಕಿಯ ಕೆಳಗೆ, ಬರಿನೆಲದ ಮೇಲೆ ಗೊರಕೆ ಹೊಡೆಯುವರು.

ಅಕ್ಕ ಸೋಲೊಪ್ಪಲಿಲ್ಲ. ದಿಂಬು ಎತ್ತರವಾಯಿತೇನೋ ಎಂದು ಹತ್ತಿ ತೆಗೆಸಿದಳು. ದೀಪ ಹೆಚ್ಚಾಯಿತೇನೋ ಎಂದು ಅದಕ್ಕೆ ಕಾಗದ ಸುತ್ತಿದಳು. ಪಾದ ತಣ್ಣಗಿದ್ದರೆ ನಿದ್ದೆ ಬರುವುದಿಲ್ಲ ಎಂದು ಯಾರೋ ಹೇಳಿದ್ದಕ್ಕೆ ರಬ್ಬರ್ ಚೀಲದಲ್ಲಿ ಬಿಸಿನೀರು ತುಂಬಿ ಕಾಲ ಹತ್ತಿರ ಇಟ್ಟಳು. ಎಲ್ಲದಕ್ಕೂ ಭಾವ ತಲೆಯಾಡಿಸಿದರು. ಲಾಡ್ಜಿನಲ್ಲಿ ಯಾರೋ ಗಿರಾಕಿ, “ನಿಮ್ಮ ಕೈಯಲ್ಲಿ ಏನೋ ಇದೆಯಮ್ಮ, ಇಲ್ಲಿ ಮಲಗಿದರೆ ಕಣ್ಣು ಬಿಡೋಕೇ ಆಗಲ್ಲ” ಎಂದು ಹೊಗಳಿದನಂತೆ. ಅದನ್ನು ನನಗೆ ಹೇಳುವಾಗ ಅಕ್ಕ ನಗಲಿಲ್ಲ.

ಅವಳಿಗೆ ರಜೆಯಿದ್ದ ಒಂದು ಮಧ್ಯಾಹ್ನ ನಾನು ಪರದೆಯ ಸಡಿಲವಾದ ಬಳೆಗಳನ್ನು ಬಿಗಿ ಮಾಡುತ್ತ ಆ ಕೋಣೆಯಲ್ಲಿ ಕುಳಿತಿದ್ದೆ. ಅಕ್ಕ ದಿಂಬಿಗೆ ಚೀಲ ಹಾಕುತ್ತಿದ್ದಳು. ಭಾವ ಬಂದು ಬಾಗಿಲಿಗೆ ಒರಗಿ ನಿಂತು, ಸಂತೆಗೆ ಹೋಗಿ ಬಂದ ಸುದ್ದಿ ಹೇಳುವವರ ಹಾಗೆ ಹೇಳಿದರು, “ಕಾಗದದ ಗೋದಾಮಿನಲ್ಲಿ ರಾತ್ರಿ ಕಾವಲಿಗೆ ಜನ ಬೇಕಂತೆ. ಬರ್ತೀನಿ ಅಂದೆ. ಇವತ್ತಿನಿಂದ.”

ಅಕ್ಕನ ಕೈ ದಿಂಬಿನ ಚೀಲದೊಳಗೇ ನಿಂತಿತು. “ಯಾಕೆ? ಮನೇಲಿ ಏನು ಕಡಿಮೆಯಾಗಿದೆ?”

“ಏನೂ ಕಡಿಮೆಯಾಗಿಲ್ಲ.”

“ಮತ್ತೆ?”

“ನಿದ್ದೆ ಬರಲ್ಲ ಕಣೇ. ಒಂದು ಸದ್ದಿಲ್ಲ, ಸುಳಿವಿಲ್ಲ. ಬಾವಿಯೊಳಗೆ ಮಲಗಿದ ಹಾಗಾಗುತ್ತೆ.”

ನನಗೆ ತಡೆಯಲಾಗಲಿಲ್ಲ. “ನಿಮಗೆ ಸದ್ದಾಗಬಾರದು ಅಂತ ತಾನೇ ಭಾವ, ನಾವೆಲ್ಲ ಇಷ್ಟು ವರ್ಷ ಬಾಯಿಗೆ ಹೊಲಿಗೆ ಹಾಕಿಕೊಂಡಿದ್ದದ್ದು?”

ಭಾವ ನಕ್ಕರು. ಅವರು ನಕ್ಕದ್ದನ್ನು ನಾನು ಕಂಡದ್ದೇ ಕಡಿಮೆ. “ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆಯಮ್ಮ. ರಾತ್ರಿಯಿಡೀ ಅಚ್ಚಿನ ಯಂತ್ರದ ಪಕ್ಕ ನಿಂತ ಕಿವಿ ಇದು. ನೀನು ಮಧ್ಯಾಹ್ನ ಮಿಷನ್ ತುಳಿಯೋಕೆ ಶುರು ಮಾಡ್ತಿದ್ದೆ ನೋಡು, ಆಗ ಬರ್ತಿತ್ತು ನಿಜವಾದ ನಿದ್ದೆ. ಅಷ್ಟರಲ್ಲಿ ಏಳೋ ಹೊತ್ತಾಗಿರೋದು.”

ನನ್ನ ಕೈಯಲ್ಲಿದ್ದ ಬಳೆ ನೆಲಕ್ಕೆ ಬಿದ್ದು ಉರುಳಿತು. ನನ್ನ ಗಿರಾಕಿಗಳು ಹೋದರು, ಹೋಗಲಿ. ಬಿದ್ದರೂ ಬಾಯಿ ಮುಚ್ಚಿಕೊಳ್ಳುತ್ತಿದ್ದ ಆ ಮಗು ನೆನಪಾಗಿ ಮೈಯೆಲ್ಲ ಉರಿಯಿತು.

“ಹೇಳಬಹುದಾಗಿತ್ತಲ್ಲ” ಎಂದಳು ಅಕ್ಕ. ದನಿ ಎಂದಿನ ಹಾಗೇ ಸಣ್ಣಗಿತ್ತು.

“ನೀನು ಕೇಳಲಿಲ್ಲ. ಅಮ್ಮ ಹೇಳಿದಳು, ನೀನು ಹಿಡಿದುಕೊಂಡೆ. ಅಷ್ಟು ಮುತುವರ್ಜಿಯಿಂದ ಮಾಡುವಾಗ ಬೇಡ ಅಂದರೆ ನಿನಗೆ ಬೇಜಾರಾಗಲ್ವಾ?”

ನೋಡಿ, ಅವರದೂ ಒಂದು ದಯೆಯೇ. ಇಂಥ ದಯೆಗೆ ಬೆಂಕಿ ಹಾಕ.

“ಮತ್ತೆ ಇಷ್ಟು ವರ್ಷ ಇದೇ ಕೋಣೇಲಿ ಹೇಗೆ ಮಲಗಿದಿರಿ?” ಅಕ್ಕ ಕೇಳಿದಳು.

ಭಾವ ಸ್ವಲ್ಪ ಯೋಚಿಸಿದರು. “ನೀನು ಎದ್ದು ಹೋದ ಜಾಗ ಇರ್ತಿತ್ತಲ್ಲ, ಬೆಚ್ಚಗೆ. ಅದರಲ್ಲಿ ಮೈ ಚಾಚಿದರೆ ಸಾಕು, ಕಣ್ಣು ಎಳೀತಿತ್ತು. ಆಮೇಲೆ ಸದ್ದಿದೆಯೋ ಇಲ್ಲವೋ ನೆನಪೇ ಆಗ್ತಿರಲಿಲ್ಲ.”

ಅಕ್ಕನ ಮುಖ ಅರಳಿತು. ಆ ಒಂದು ಗಳಿಗೆ ನಾನೂ ಮೋಸ ಹೋದೆ, ಇನ್ನೇನು ಎಲ್ಲ ಸರಿಹೋಯಿತು ಎಂದುಕೊಂಡೆ. ಅವಳು ದಿಂಬನ್ನು ಎದೆಗೊತ್ತಿಕೊಂಡು ಹೇಳಿದಳು, “ಈಗ ನಾನೇ ಪಕ್ಕದಲ್ಲಿ ಇರ್ತೀನಲ್ರೀ.”

“ನೀನಿದ್ರೆ ಬರಲ್ಲ ಕಣೇ” ಎಂದರು ಭಾವ. “ನೀನು ಎದ್ದು ಹೋದ ಮೇಲೆ ಬರುತ್ತೆ.”

ಅದರಲ್ಲಿ ಕೋಪವಿರಲಿಲ್ಲ, ಬೇಸರವಿರಲಿಲ್ಲ. ಯಂತ್ರಕ್ಕೆ ಯಾವ ಎಣ್ಣೆ ಹಿಡಿಸುತ್ತದೆ, ಯಾವುದು ಹಿಡಿಸುವುದಿಲ್ಲ ಎಂದು ಹೇಳುವಾಗಿನ ದನಿ ಅದು. ಬೈದಿದ್ದರೆ ನಾನು ತಿರುಗಿ ನಾಲ್ಕು ಬೈಯುತ್ತಿದ್ದೆ. ಇದಕ್ಕೆ ಏನೆಂದು ಬೈಯುವುದು?

ಅಕ್ಕ ಅಳಲಿಲ್ಲ. ದಿಂಬಿಗೆ ಚೀಲ ಪೂರ್ತಿ ಹಾಕಿ, ಮೂಲೆಗಳನ್ನು ಎಳೆದು ಸರಿಮಾಡಿ ಇಟ್ಟಳು. ಸಂಜೆ ಭಾವ ಹೊರಟಾಗ ಎಂದಿನ ಡಬ್ಬಿ ತುಂಬಿಸಿ ಕೊಟ್ಟಳು. ಅವರ ಮುಖದಲ್ಲಿ ಬಹಳ ದಿನಗಳ ಮೇಲೆ ಒಂದು ಗೆಲುವು ಕಂಡಿತು. ಸೈಕಲ್ ಹತ್ತುವ ಮೊದಲು ತಿರುಗಿ, “ಆ ಕಪ್ಪು ಪರದೆ ಇದೆಯಾ? ಈ ಹೊಸದರಲ್ಲಿ ಹಗಲು ಬೆಳಕು ಬರುತ್ತೆ” ಎಂದು ಕೇಳಿದರು. ಕಪ್ಪು ಪರದೆ ಆಗಲೇ ಕಿಟಕಿಯ ಸಂದಿಗಳಲ್ಲಿ ಹುರಿಯಾಗಿ ಕೂತಿತ್ತು.

ಅವರು ಬೀದಿಯ ತಿರುವು ದಾಟಿದ ಮೇಲೆ ಅಕ್ಕ ಒಳಗೆ ಹೋಗಿ ಮಂಚದ ಮೇಲಿದ್ದದ್ದನ್ನೆಲ್ಲ ಕಿತ್ತು ತೆಗೆದಳು. ಎರಡನೆಯ ದಿಂಬನ್ನು ಬೀರುವಿನ ಮೇಲೆ ಹಾಕಿದಳು. ಒಗೆದ ಬಿಳಿ ಹಾಸುಬಟ್ಟೆ ತೆಗೆದು, ಒಂದೇ ಬೀಸಿಗೆ ಹರಡಿ, ನಾಲ್ಕು ಮೂಲೆ ಮಡಚಿ, ಹಾಸಿಗೆಯ ಅಡಿಗೆ ಬಿಗಿಯಾಗಿ ಸಿಕ್ಕಿಸಿದಳು. ರಜಾಯಿಯನ್ನು ಕಾಲ ಕಡೆ ಚೌಕವಾಗಿ ಮಡಚಿಟ್ಟು, ಅಂಗೈಯಿಂದ ಸವರಿ ಸುಕ್ಕು ತೆಗೆದಳು. ಬರೀ ಮಲಗಿ ಎದ್ದು ಹೋಗುವವರಿಗೆ ಲಾಡ್ಜಿನಲ್ಲಿ ಅವಳು ದಿನಾ ಹಾಸುವುದು ಹೀಗೆಯೇ.

ಆ ರಾತ್ರಿ ಅವಳು ಮಲಗಿದ್ದು ನನ್ನ ಮನೆಯಲ್ಲಿ. ನನ್ನ ಮಂಚ ಒಬ್ಬರಿಗೇ ಸಾಲದು. ಬೆನ್ನಿಗೆ ಬೆನ್ನು ಕೊಟ್ಟು ಮಲಗಿದೆವು, ಬೇರೆ ದಾರಿಯೇ ಇರಲಿಲ್ಲ. ಅವಳ ಬೆನ್ನು ಕೆಂಡದ ಹಾಗೆ ಬಿಸಿ. ಇದಕ್ಕಾಗಿ ಒಬ್ಬ ಮನುಷ್ಯ ದಿನಾ ಊರಾಚೆಯಿಂದ ಸೈಕಲ್ ತುಳಿದು ಬರುತ್ತಿದ್ದನೇ, ಆದರೂ ಅದರ ಒಡತಿ ಮಾತ್ರ ಬೇಡವಾದಳೇ ಎಂದುಕೊಂಡೆ.

ಬೆಳಗ್ಗೆ ಹೊರಗೆ ಸೈಕಲ್ ಸ್ಟ್ಯಾಂಡ್ ಹಾಕುವ ಸದ್ದು ಕೇಳಿದಾಗ ನಾವಿಬ್ಬರೂ ಎದ್ದು ನನ್ನ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದೆವು. ಅಕ್ಕನ ಮೈ ಹಳೆಯ ರೂಢಿಗೆ ತಟ್ಟನೆ ಎದ್ದು ನಿಂತಿತು. ಆಮೇಲೆ ಅವಳೇ ಅದನ್ನು ಕೂರಿಸಿದಳು. ಗೋಡೆಯಾಚೆ ನಲ್ಲಿ ತಿರುಗಿತು, ನೀರು ಸುರಿಯಿತು, ನಿಂತಿತು. ಮಂಚ ಕಿರುಗುಟ್ಟಲಿಲ್ಲ, ಬಡಗಿ ಒಳ್ಳೆಯ ಕೆಲಸ ಮಾಡಿದ್ದ.

“ಏನೇ,” ಎಂದು ಭಾವನ ದನಿ ಬಂತು. “ಹಾಸಿಗೆ ಇಷ್ಟು ತಣ್ಣಗಿದೆ?”

ನನಗೆ ಉರಿದುಹೋಯಿತು. ಬೆಳಕು ಹರಿಯುವ ಮೊದಲೇ ಮಿಷನ್ ತುಳಿದು ಇಡೀ ಬೀದಿಯನ್ನು ಎಬ್ಬಿಸಿಬಿಡೋಣ ಎಂದು ಎದ್ದು ಹೋಗಿ ಅದರ ಚಕ್ರಕ್ಕೆ ಕೈಯಿಟ್ಟೆ. ಅಕ್ಕ ನನ್ನ ಹಿಂದೆಯೇ ಬಂದು ನನ್ನ ಮುಂಗೈ ಹಿಡಿದುಕೊಂಡಳು. ಮಿಷನ್ ಸದ್ದಿಗೇ ಅವರಿಗೆ ನಿದ್ದೆ ಬರುವುದು ಎಂಬುದು ನನಗೆ ಮರೆತಿತ್ತು, ಅವಳಿಗೆ ಮರೆತಿರಲಿಲ್ಲ. ಅವಳು ತುಟಿಯ ಮೇಲೆ ಬೆರಳಿಟ್ಟಳು.

“ಶ್ಶ್.”

ಭಾವ ಇನ್ನೊಮ್ಮೆ ಕರೆದರು. ನಾನು ಚಕ್ರದಿಂದ ಕೈ ತೆಗೆದೆ. ಅಕ್ಕ ಅಡುಗೆಮನೆಗೆ ಹೋಗಿ ಕೂತು, ಆರಿಹೋಗಿದ್ದ ಚಹಾವನ್ನು ಸದ್ದಿಲ್ಲದೆ ಕುಡಿದು ಮುಗಿಸಿದಳು.